ಗುಬ್ಬಿಯ ಕಳ್ಳ, ಕುಣಿಗಲ್ ಕುದುರೆ ಮತ್ತು 1917

ಹೋದ ನವೆಂಬರ್‌ನಲ್ಲಿ ನಾನೊಂದು ನಾಟಕ ಬರೆದು, ಅದನ್ನು ನಾನೇ ಕೈಯಾರೆ ಕೊಂದೆ.

ದೊಡ್ಡ ನಾಟಕವೇನಲ್ಲ, ಹದಿನೈದು ನಿಮಿಷದ ಸ್ಕಿಟ್. ನಮ್ಮ ಆಫೀಸಿನ ರಾಜ್ಯೋತ್ಸವಕ್ಕೆ. ಪ್ರತಿವರ್ಷ ಅದೇ ಡೊಳ್ಳು ಕುಣಿತ, ಅದೇ ರೇಷ್ಮೆ ಸೀರೆ-ಪಂಚೆಯ ಫ್ಯಾಷನ್ ಶೋ, ಆಮೇಲೆ ಹೋಳಿಗೆ ಊಟ. ಈ ಸಲ ತುಮಕೂರಿನವಳು ಏನಾದ್ರೂ ಬೇರೆ ಮಾಡ್ಲಿ ಅಂತ ನನ್ನ ತಲೆಗೆ ಕಟ್ಟಿದರು. ನಾನು ಒಬ್ಬ ಕಾಸ್ತಾರನನ್ನು ಹುಟ್ಟಿಸಿದೆ. ಕಾಸ್ತಾರ ಅಂದ್ರೆ ಕುದುರೆ ನೋಡಿಕೊಳ್ಳುವ ಆಳು. ಊರು ಕುಣಿಗಲ್. ಮೊದಲ ಮಹಾಯುದ್ಧ ಶುರುವಾದಾಗ ಮೈಸೂರು ಲ್ಯಾನ್ಸರ್ಸ್ ಅನ್ನೋ ಕುದುರೆ ಪಡೆಯ ಜೊತೆ ಹಡಗು ಹತ್ತಿ ಈಜಿಪ್ಟಿಗೆ ಹೋಗ್ತಾನೆ. ಪಡೆ ನಿಜ, ಯುದ್ಧ ನಿಜ, ಈಜಿಪ್ಟೂ ನಿಜ. ಕಾಸ್ತಾರ ಮಾತ್ರ ನನ್ನವನು.

ಅವನು ಸೂಯೆಜ್ ಕಾಲುವೆ ನೋಡಿ ಅಧಿಕಾರಿಗೆ ಕೇಳ್ತಾನೆ: 'ಸ್ವಾಮಿ, ನಮ್ಮ ಕುಣಿಗಲ್ ಕೆರೆ ಕಾಯೋಕೆ ಒಬ್ಬ ನೀರುಗಂಟಿ ಸಾಕು. ಈ ಉಪ್ಪುನೀರಿಗೆ ಇಷ್ಟು ಸಾವಿರ ಜನ ಕಾವಲಾ?' ಇನ್ನೊಂದು ಕಡೆ, 'ನನಗೆ ಸಂಬಳ ಕೊಡೋರು ಒಬ್ಬರು, ಹುಕುಂ ಕೊಡೋರು ಇನ್ನೊಬ್ಬರು, ಗುಂಡು ಹೊಡೆಯೋರು ಮೂರನೆಯವರು. ಕುದುರೆಗೆ ಮಾತ್ರ ಮೂರೂ ನಾನೇ' ಅಂತಾನೆ. ಮೊದಲ ರಿಹರ್ಸಲ್‌ನಲ್ಲಿ ಟೀಮಿನವರೆಲ್ಲ ಬಿದ್ದು ಬಿದ್ದು ನಕ್ಕರು.

ಎರಡನೇ ದಿನ ಯಾರೋ ಮೆಲ್ಲಗೆ ಕೇಳಿದರು, 'ಸೈನಿಕರ ವಿಷಯದಲ್ಲಿ ಕಾಮಿಡಿ ಬೇಕಾ? ಯಾರಿಗಾದ್ರೂ ಬೇಜಾರಾದ್ರೆ?' ಅಷ್ಟೇ ಕೇಳಿದ್ದು. ಯಾರೂ ತೆಗಿ ಅನ್ನಲಿಲ್ಲ, ಮೇಲ್ ಕಳಿಸಲಿಲ್ಲ, ಬೆದರಿಸಲಿಲ್ಲ. ನಾನೇ ಅವತ್ತು ರಾತ್ರಿ ಕೂತು ಒಂದೊಂದೇ ಜೋಕು ಅಳಿಸಿದೆ. ಕಾಸ್ತಾರ ಗಂಭೀರನಾದ. ಎದೆಯುಬ್ಬಿಸಿ ಭಾಷಣ ಮಾಡಿದ. ಹಿಂದೆ ಶಂಖ ಊದಿಸಿದೆವು. ಜನ ಚಪ್ಪಾಳೆ ತಟ್ಟಿದರು, ಫೋನ್ ನೋಡಿದರು, ಹೋಳಿಗೆಗೆ ಕ್ಯೂ ನಿಂತರು. ಒಬ್ಬರೂ ಆಮೇಲೆ ಬಂದು ಆ ಯುದ್ಧದ ಬಗ್ಗೆ ಒಂದು ಪ್ರಶ್ನೆ ಕೇಳಲಿಲ್ಲ.

ಇದಾಗಿ ಹತ್ತು ದಿನಕ್ಕೆ ಪಿಜಿ ರೂಮಿನಲ್ಲಿ ರಾತ್ರಿ ಒಂದು ಗಂಟೆಗೆ ಲ್ಯಾಪ್‌ಟಾಪ್ ತೆರೆದು 'ಬ್ಲ್ಯಾಕ್‌ಆ್ಯಡರ್' ಸರಣಿಯ ಕೊನೆಯ ಕಂತು ನೋಡಿದೆ. ನೋಡಿ ಮುಗಿದ ಮೇಲೆ ನಿದ್ದೆ ಬರಲಿಲ್ಲ.

ಗೊತ್ತಿಲ್ಲದವರಿಗೆ ಎರಡು ಮಾತು. ಇದು ಬಿಬಿಸಿಯ ಹಳೇ ಹಾಸ್ಯ ಸರಣಿ. 1983ರಿಂದ 1989ರೊಳಗೆ ನಾಲ್ಕು ಭಾಗ ಬಂತು. ಒಂದೊಂದು ಭಾಗ ಇಂಗ್ಲೆಂಡಿನ ಇತಿಹಾಸದ ಒಂದೊಂದು ಕಾಲ. ನಾವೆಲ್ಲ ಮಿಸ್ಟರ್ ಬೀನ್ ಅಂತ ಕರೆಯೋ ರೋವನ್ ಅಟ್ಕಿನ್ಸನ್ ಇಲ್ಲಿ ಬಾಯಿ ಬಿಟ್ಟರೆ ಕತ್ತರಿ. ಪ್ರತಿ ಕಾಲದಲ್ಲೂ ಎಡ್ಮಂಡ್ ಬ್ಲ್ಯಾಕ್‌ಆ್ಯಡರ್ ಅನ್ನೋ ಒಬ್ಬ ಚಾಲಾಕಿ ಹುಟ್ಟುತ್ತಾನೆ, ಪ್ರತಿ ಕಾಲದಲ್ಲೂ ಅವನಿಗೆ ಬಾಲ್ಡ್ರಿಕ್ ಅನ್ನೋ ಕೊಳಕು ಆಳು ಗಂಟುಬೀಳುತ್ತಾನೆ. ನಾಲ್ಕನೇ ಭಾಗದಲ್ಲಿ ಇಬ್ಬರೂ ಮೊದಲ ಮಹಾಯುದ್ಧದ ಕಂದಕದಲ್ಲಿದ್ದಾರೆ. ವರ್ಷ 1917. ಜೊತೆಗೆ ಯುದ್ಧ ಅಂದ್ರೆ ಕಾಲೇಜ್ ಸ್ಪೋರ್ಟ್ಸ್ ಡೇ ಅಂದುಕೊಂಡ ಶ್ರೀಮಂತರ ಹುಡುಗ ಜಾರ್ಜ್. ಆ ಪಾತ್ರ ಮಾಡಿದ ಹ್ಯೂ ಲಾರಿ ಆಮೇಲೆ 'ಹೌಸ್' ಡಾಕ್ಟರ್ ಆದ. ಮುಂಚೂಣಿಯಿಂದ ಎಷ್ಟೋ ಮೈಲಿ ಹಿಂದೆ, ಒಂದು ಬಂಗಲೆಯಲ್ಲಿ ಗರ್ಜಿಸುತ್ತಾ ಕೂತ ಜನರಲ್ ಮೆಲ್ಚೆಟ್. ಅವನ ಪಕ್ಕದಲ್ಲಿ ಫೈಲ್ ಹಿಡಿದು ನಿಂತ ಕ್ಯಾಪ್ಟನ್ ಡಾರ್ಲಿಂಗ್.

ಕೊನೆಯ ಕಂತಿನ ಹೆಸರು 'ಗುಡ್‌ಬೈಯೀ'. 1917ರಲ್ಲೇ ಬಂದ ಒಂದು ಯುದ್ಧಕಾಲದ ಜನಪ್ರಿಯ ಹಾಡಿನ ಹೆಸರು ಅದು. ಪ್ರಸಾರವಾಗಿದ್ದು 1989ರ ನವೆಂಬರ್ 2ರಂದು. ಕತೆ ಇಷ್ಟೇ: ನಾಳೆ ಬೆಳಗ್ಗೆ ಕಂದಕ ಹತ್ತಿ ಶತ್ರುವಿನ ಮೆಷಿನ್ ಗನ್ ಎದುರು ಓಡಬೇಕು ಅಂತ ಆದೇಶ ಬಂದಿದೆ. ತಪ್ಪಿಸಿಕೊಳ್ಳೋಕೆ ಬ್ಲ್ಯಾಕ್‌ಆ್ಯಡರ್ ತಲೆ ಮೇಲೆ ಚಡ್ಡಿ ಹಾಕಿಕೊಂಡು, ಮೂಗಿಗೆ ಎರಡು ಪೆನ್ಸಿಲ್ ತುರುಕಿ ಹುಚ್ಚನಾಗಿ ನಟಿಸುತ್ತಾನೆ. ಫಲಿಸೋದಿಲ್ಲ. ಅತ್ತ ಜನರಲ್ ಸಾಹೇಬ ಪ್ರೀತಿಯಿಂದಲೇ ಕ್ಯಾಪ್ಟನ್ ಡಾರ್ಲಿಂಗನನ್ನೂ ಮುಂಚೂಣಿಗೆ ಕಳಿಸಿಬಿಡುತ್ತಾನೆ. ಇಡೀ ಸರಣಿಯಲ್ಲಿ ನಾವು ಯಾರನ್ನು ಬೈದುಕೊಂಡು ನಕ್ಕಿದ್ದೆವೋ ಅವನ ಕಣ್ಣಲ್ಲಿ ಆಗ ನೀರು. ಕೊನೆಗೆ ಎಲ್ಲರೂ ಏಣಿ ಹತ್ತುತ್ತಾರೆ. ಚಿತ್ರ ನಿಧಾನವಾಗುತ್ತದೆ. ಹೊಗೆ, ಮಣ್ಣು. ಅದೇ ನೆಲ ಮೆಲ್ಲಗೆ ಕೆಂಪು ಗಸಗಸೆ ಹೂವಿನ ಹೊಲವಾಗುತ್ತದೆ. ಹಕ್ಕಿ ದನಿ. ಮುಗೀತು.

ಆ ಕೊನೆಯ ದೃಶ್ಯ ನಿಜಕ್ಕೂ ಹಾಳಾಗಿತ್ತಂತೆ. ಸೆಟ್ಟು ಥರ್ಮಾಕೋಲಿನಂಥದ್ದು, ನಟರು ಓಡಿದ್ದು ಸರಿಯಾಗಿರಲಿಲ್ಲ. ಎಡಿಟಿಂಗ್‌ನಲ್ಲಿ ಕೂತು ಅದನ್ನು ಸ್ಲೋ ಮೋಷನ್ ಮಾಡಿ, ಹೂವಿನ ಹೊಲ ಸೇರಿಸಿದ ಮೇಲೆ ಅದು ಟಿವಿ ಇತಿಹಾಸದ ದೃಶ್ಯವಾಯಿತು. ಅರ್ಧ ಗಂಟೆ ನಗಿಸಿದ್ದಕ್ಕೇ ಆ ಕೊನೆಯ ಒಂದೆರಡು ನಿಮಿಷ ಎದೆಗೆ ನಾಟೋದು. ನಾನು ನನ್ನ ಕಾಸ್ತಾರನಿಂದ ಕಿತ್ತುಕೊಂಡಿದ್ದು ಇದನ್ನೇ ಅಂತ ಆಗ ಹೊಳೆಯಿತು.

ಶನಿವಾರ ಯಶವಂತಪುರದಲ್ಲಿ ರೈಲು ಹತ್ತಿ ಊರಿಗೆ ಹೋದೆ. ಅಪ್ಪ ನಿವೃತ್ತ ಹೈಸ್ಕೂಲ್ ಮೇಷ್ಟ್ರು, ಇತಿಹಾಸ ಪಾಠ ಮಾಡಿದವರು. ಅಮಾನಿಕೆರೆ ಸುತ್ತ ವಾಕ್ ಮಾಡ್ತಾ ಎಲ್ಲಾ ಹೇಳಿದೆ. ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು, 'ಸತ್ತವರ ಮೇಲೆ ನಗಬಾರದು ಕಣಮ್ಮ. ನೀನು ತೆಗೆದಿದ್ದೇ ಒಳ್ಳೇದಾಯ್ತು' ಅಂದರು.

ಇಂಗ್ಲೆಂಡಿನಲ್ಲೂ ಇದೇ ಜಗಳ ನಡೆದಿದೆ. 2014ರ ಜನವರಿಯಲ್ಲಿ, ಮಹಾಯುದ್ಧದ ನೂರನೇ ವರ್ಷ ಶುರುವಾಗುವಾಗ, ಅಲ್ಲಿನ ಶಿಕ್ಷಣ ಮಂತ್ರಿ ಮೈಕಲ್ ಗೋವ್ ಪತ್ರಿಕೆಯಲ್ಲಿ ಲೇಖನ ಬರೆದು, ಬ್ಲ್ಯಾಕ್‌ಆ್ಯಡರ್‌ನಂಥ ಕಾರ್ಯಕ್ರಮಗಳು ಯುದ್ಧವನ್ನು ದೊಡ್ಡವರ ಮೂರ್ಖತನ ಅಂತ ಮಾತ್ರ ತೋರಿಸಿ ದಾರಿ ತಪ್ಪಿಸಿವೆ ಅಂದ. ಬಾಲ್ಡ್ರಿಕ್ ಪಾತ್ರ ಮಾಡಿದ ಟೋನಿ ರಾಬಿನ್ಸನ್, ಮೇಷ್ಟ್ರುಗಳ ಮೇಲೆ ಗೂಬೆ ಕೂರಿಸಬೇಡಿ ಅಂತ ತಿರುಗಿ ಹೇಳಿದ. ಗೋವ್ ಮಾತು ಪೂರ್ತಿ ಸುಳ್ಳೂ ಅಲ್ಲ. ಇತಿಹಾಸಕಾರರೂ ಅದನ್ನೇ ಬೇರೆ ಥರ ಹೇಳ್ತಾರೆ: ಜನರಲ್‌ಗಳೆಲ್ಲ ಬಂಗಲೆಯಲ್ಲಿ ಕೂತಿರಲಿಲ್ಲ, ಅವರಲ್ಲೂ ಮುಂಚೂಣಿಯಲ್ಲಿ ಸತ್ತವರಿದ್ದಾರೆ. ಸೇನೆ ಸೋತು ಸೋತು ಪಾಠ ಕಲಿತು 1918ರಲ್ಲಿ ಗೆದ್ದಿತು. ಸಿಟ್‌ಕಾಮ್‌ಗೆ ಅರ್ಧ ಗಂಟೆ ಇರೋದು, ಅದರಲ್ಲಿ ಇದೆಲ್ಲ ಹಿಡಿಸೋದಿಲ್ಲ.

ನನಗೆ ಕಾಡಿದ್ದು ಬೇರೆ. ಆ ಕಂದಕದಲ್ಲಿ ನಮ್ಮವರು ಒಬ್ಬರೂ ಇಲ್ಲ. ಆ ಯುದ್ಧಕ್ಕೆ ಭಾರತದಿಂದ ಹೊರದೇಶಕ್ಕೆ ಹೋದವರು ಹತ್ತು ಲಕ್ಷಕ್ಕೂ ಹೆಚ್ಚು. ಸತ್ತವರು ಎಪ್ಪತ್ತು ಸಾವಿರದ ಮೇಲೆ. ನ್ಯಾಯವಾಗಿ ಹೇಳಬೇಕಂದ್ರೆ ಸರಣಿ ತಪ್ಪು ಮಾಡಿಲ್ಲ. ಭಾರತದ ಕಾಲಾಳು ದಳಗಳು 1915ರ ಕೊನೆಗೇ ಫ್ರಾನ್ಸ್ ಬಿಟ್ಟಿದ್ದವು. ಹಾಗಾದ್ರೆ 1917ರಲ್ಲಿ ನಮ್ಮವರು ಎಲ್ಲಿದ್ದರು?

ಮೈಸೂರು ಲ್ಯಾನ್ಸರ್ಸ್ ಮರಳುಗಾಡಿನಲ್ಲಿದ್ದರು. ನಾಲ್ವಡಿ ಕೃಷ್ಣರಾಜ ಒಡೆಯರು ಯುದ್ಧ ಶುರುವಾದಾಗಲೇ ಬ್ರಿಟಿಷರಿಗೆ 50 ಲಕ್ಷ ರೂಪಾಯಿ ಕೊಟ್ಟಿದ್ದರು, ಕುದುರೆ ಪಡೆಯನ್ನೂ ಕಳಿಸಿದ್ದರು. ಬೆಂಗಳೂರಿನಿಂದ ಹೊರಟ ಪಡೆ ಈಜಿಪ್ಟ್ ಸೇರಿ, ಹೈದರಾಬಾದ್ ಮತ್ತಿತರ ಸಂಸ್ಥಾನಗಳ ಲ್ಯಾನ್ಸರ್ಸ್ ಜೊತೆ ಒಂದೇ ಬ್ರಿಗೇಡ್ ಆಯಿತು, ಜೋಧಪುರದವರು ಅದಕ್ಕೆ ಸೇರಿದ್ದು ಆಮೇಲೆ. ಮೊದಲು ಸೂಯೆಜ್ ಕಾಲುವೆಯ ಕಾವಲು, 1917ರ ಕೊನೆಗೆ ಗಾಜಾ ಕಡೆ, ಆಮೇಲೆ ಉತ್ತರಕ್ಕೆ.

1918ರ ಸೆಪ್ಟೆಂಬರ್ 23ರಂದು ಹೈಫಾ. ಒಂದು ಕಡೆ ಕಾರ್ಮೆಲ್ ಬೆಟ್ಟ, ಇನ್ನೊಂದು ಕಡೆ ಕಿಶೋನ್ ಹೊಳೆ ಮತ್ತು ಅದರ ಕೆಸರು. ನಡುವೆ ಇಕ್ಕಟ್ಟಾದ ದಾರಿ. ಬೆಟ್ಟದ ಮೇಲೆ ಫಿರಂಗಿ, ಕೆಳಗೆ ಮೆಷಿನ್ ಗನ್. ಇವರ ಕೈಯಲ್ಲಿ ಭರ್ಜಿ. ಮೈಸೂರಿನ ಒಂದು ತುಕಡಿ ಕಡಿದಾದ ಹಾದಿಯಲ್ಲಿ ಬೆಟ್ಟ ಹತ್ತಿ ಫಿರಂಗಿಗಳ ಕಡೆ ಹೋಯಿತು. ಜೋಧಪುರದವರು ಊರಿನ ಕಡೆ ನುಗ್ಗಿದರು, ಮೈಸೂರಿನ ಉಳಿದವರು ಅವರ ಜೊತೆಗೂಡಿದರು. ಜೋಧಪುರದ ಮೇಜರ್ ದಲಪತ್ ಸಿಂಗ್ ಅಲ್ಲೇ ಗುಂಡಿಗೆ ಬಿದ್ದರು. ಸಂಜೆಯೊಳಗೆ ಊರು ಕೈಗೆ ಬಂತು. 1,350 ಜರ್ಮನ್ ಮತ್ತು ತುರ್ಕಿ ಸೈನಿಕರು ಸೆರೆ.

ಕಾಗದದ ಮೇಲೆ ನೋಡಿದರೆ ಇದು ಪಕ್ಕಾ ಜನರಲ್ ಮೆಲ್ಚೆಟ್ ಪ್ಲಾನು. ಮೆಷಿನ್ ಗನ್ ಎದುರು ಕುದುರೆ ಓಡಿಸೋದು! ಬ್ಲ್ಯಾಕ್‌ಆ್ಯಡರ್ ಇದ್ದಿದ್ದರೆ ಮೂಗಿಗೆ ಪೆನ್ಸಿಲ್ ಹಾಕಿಕೊಂಡು ಕೂರುತ್ತಿದ್ದ. ಆದರೆ ಇಲ್ಲಿ ಗೆದ್ದರು. ಕುದುರೆಯ ವೇಗ, ಬೆಟ್ಟದ ಮೇಲಿಂದ ಬಂದ ಆಸರೆ, ಎದುರಿನವರು ಆಗಲೇ ಹಿಮ್ಮೆಟ್ಟುತ್ತಿದ್ದದ್ದು ಎಲ್ಲ ಕೂಡಿಬಂತು. ಬ್ರಿಗೇಡಿನಲ್ಲಿ ಸತ್ತವರು 8, ಗಾಯಗೊಂಡವರು 34. ಆ ಲೆಕ್ಕದ ಪಕ್ಕದಲ್ಲೇ ಇನ್ನೊಂದು ಲೆಕ್ಕ ಇದೆ, ಅದನ್ನು ಸಾಮಾನ್ಯವಾಗಿ ಯಾರೂ ಹೇಳೋದಿಲ್ಲ: ಸತ್ತ ಕುದುರೆ 60, ಗಾಯಗೊಂಡ ಕುದುರೆ 83.

ದೆಹಲಿಯ ತೀನ್ ಮೂರ್ತಿ ಅಂತೀವಲ್ಲ, ಆ ಮೂರು ಮೂರ್ತಿ ಈ ಮೂರು ಸಂಸ್ಥಾನದವರೇ. ಅದರಲ್ಲಿ ಒಬ್ಬ ನಮ್ಮ ಮೈಸೂರಿನವನು. 2018ರಲ್ಲಿ ಅದಕ್ಕೆ ತೀನ್ ಮೂರ್ತಿ ಹೈಫಾ ಚೌಕ ಅಂತ ಹೆಸರಿಟ್ಟರು. ಬೆಂಗಳೂರಿನ ಜೆ.ಸಿ. ನಗರದಲ್ಲೂ ಮೈಸೂರು ಲ್ಯಾನ್ಸರ್ಸ್ ಸ್ಮಾರಕ ಇದೆ. ಆ ಕಡೆ ನಾನು ನೂರು ಸಲ ಓಡಾಡಿದ್ದೀನಿ, ಸ್ಕಿಟ್ ಬರೆಯೋವರೆಗೂ ಕತ್ತೆತ್ತಿ ನೋಡಿರಲಿಲ್ಲ.

ಅದೇ 1917ರಲ್ಲಿ ನಮ್ಮ ಮನೆಯಿಂದ ಇಪ್ಪತ್ತು ಕಿಲೋಮೀಟರ್ ಆಚೆಯ ಗುಬ್ಬಿಯ ಕಂಪನಿಯಲ್ಲಿ ಇನ್ನೊಂದು ಘಟನೆ ನಡೆಯಿತು. 1884ರಲ್ಲಿ ಹುಟ್ಟಿದ್ದ ಗುಬ್ಬಿ ಶ್ರೀ ಚನ್ನಬಸವೇಶ್ವರ ನಾಟಕ ಕಂಪನಿಯ ಯಜಮಾನಿಕೆ ಅದರಲ್ಲೇ ಬಾಲನಟನಾಗಿ ಬೆಳೆದ ಇಪ್ಪತ್ತಾರರ ಆಸುಪಾಸಿನ ಹುಡುಗನ ಕೈಗೆ ಬಂತು. ಗುಬ್ಬಿ ವೀರಣ್ಣ. ಮುಂದೆ ಅವರು ರಂಗದ ಮೇಲೆ ಆನೆ-ಕುದುರೆಗಳನ್ನೇ ತಂದು 1934ರಲ್ಲಿ 'ಕುರುಕ್ಷೇತ್ರ' ಆಡಿಸಿದ್ದು, ಸಿನಿಮಾ ಮಾಡಿದ್ದು, ರಾಜಕುಮಾರ್, ನರಸಿಂಹರಾಜು, ಬಾಲಕೃಷ್ಣ, ಜಿ.ವಿ. ಅಯ್ಯರ್, ಬಿ.ವಿ. ಕಾರಂತರಂಥವರು ಆ ಕಂಪನಿಯಲ್ಲಿ ಪಳಗಿದ್ದು ಎಲ್ಲರಿಗೂ ಗೊತ್ತು. ಆದರೆ ಒಂದು ವಿಷಯ ನಾವು ಮರೀತೀವಿ. ಅಷ್ಟು ದೊಡ್ಡ ಕಂಪನಿಯ ಯಜಮಾನ ತಾನು ಹೆಸರು ಮಾಡಿದ್ದು ರಾಜನ ಪಾರ್ಟಿನಲ್ಲಲ್ಲ, ಹಾಸ್ಯದಲ್ಲಿ. ಅವರ ಬಿರುದೇ 'ವರ್ಸಟೈಲ್ ಕಮೀಡಿಯನ್'.

ಅವರ ಹೆಸರಿನ ಜೊತೆ ಅಂಟಿಕೊಂಡ ಪಾತ್ರ 'ಸದಾರಮೆ'ಯ ಕಳ್ಳ. ನಾಟಕ ಬರೆದವರು ಬೆಳ್ಳಾವೆ ನರಹರಿಶಾಸ್ತ್ರಿಗಳು, ಅವರೂ ನಮ್ಮ ತುಮಕೂರು ಪಕ್ಕದ ಬೆಳ್ಳಾವಿಯವರೇ. ಮುಂದೆ 1934ರಲ್ಲಿ ಕನ್ನಡದ ಮೊದಲ ಟಾಕಿ 'ಸತಿ ಸುಲೋಚನ'ಕ್ಕೆ ಬರೆದವರೂ ಅವರೇ. ಸದಾರಮೆಯಲ್ಲಿ ರಾಜಕುಮಾರ ಇದ್ದಾನೆ, ಪತಿವ್ರತೆ ಇದ್ದಾಳೆ, ಜಿಪುಣ ಶೆಟ್ಟಿ ಇದ್ದಾನೆ. ಆದರೆ ಜನ ಕಾಯುತ್ತಿದ್ದಿದ್ದು ಸದಾರಮೆಯನ್ನು ಹೊತ್ತೊಯ್ದು, ಕೊನೆಗೆ ಅವಳ ಜಾಣತನಕ್ಕೆ ತಾನೇ ಮೋಸಹೋಗುವ ಕಳ್ಳನಿಗೆ. ಕಂಪನಿ ನಾಟಕದಲ್ಲಿ ಹಾಸ್ಯಗಾರನಿಗೆ ಒಂದು ಸ್ವಾತಂತ್ರ್ಯ ಇತ್ತು. ರಾಜ-ರಾಣಿ ಬರೆದ ಮಾತು ದಾಟೋ ಹಾಗಿಲ್ಲ. ಹಾಸ್ಯಗಾರ ಮಾತ್ರ ಅವತ್ತಿನ ಊರಿನ ವಿಷಯ ತರಬಹುದು. ಕತೆ ಯಾವ ಕಾಲದ್ದಾದರೂ ಅವನು ಇವತ್ತಿನವನು. ನಮ್ಮ ಮೂಡಲಪಾಯದ ಕೋಡಂಗಿಯದೂ ಇದೇ ಕೆಲಸ: ದೊಡ್ಡ ವೇಷ ಬರೋ ಮುಂಚೆ ಬಂದು, ದೊಡ್ಡ ವೇಷದ ಬಗ್ಗೆಯೇ ನಗಿಸಿಬಿಡೋದು.

ಬಾಲ್ಡ್ರಿಕ್ ಅದೇ ಅಲ್ವಾ? ರಾಜರ ಕತೆಯೊಳಗೆ ನಿಂತು 'ಈ ಯುದ್ಧ ಯಾಕೆ ಶುರುವಾಯ್ತು ಸಾಮಿ?' ಅಂತ ಕೇಳೋನು. 'ಗುಡ್‌ಬೈಯೀ'ಯಲ್ಲಿ ಅವನು ನಿಜವಾಗಿಯೂ ಹಾಗೆ ಕೇಳ್ತಾನೆ, ದೊಡ್ಡ ಓದಿನವರಿಗೆ ಸರಿಯಾದ ಉತ್ತರ ಹೊಳೆಯೋದಿಲ್ಲ.

ಇದನ್ನೇ ಅಪ್ಪನಿಗೆ ಹೇಳಿದೆ. ಅಪ್ಪ ಒಪ್ಪಲಿಲ್ಲ. 'ಸದಾರಮೆ ಕಟ್ಟುಕತೆ. ಹೈಫಾದಲ್ಲಿ ಸತ್ತವರು ನಿಜವಾದ ಮನುಷ್ಯರು. ಅವರ ಮನೆಯವರು ಇವತ್ತಿಗೂ ಇರಬಹುದು' ಅಂದರು. ಆ ಮಾತಿಗೆ ನನ್ನ ಹತ್ತಿರ ತಕ್ಷಣ ಉತ್ತರ ಇರಲಿಲ್ಲ. ಮನೆಗೆ ಬಂದು ಯೋಚಿಸಿದಾಗ ಅನಿಸಿದ್ದು ಇಷ್ಟು: ನಗು ಯಾರ ಕಡೆ ನಿಂತಿದೆ ಅನ್ನೋದು ಮುಖ್ಯ. ಸತ್ತವರನ್ನು ನೋಡಿ ನಗೋದು ಬೇರೆ, ಸಾಯಲು ಹೊರಟವನ ಪಕ್ಕ ಕೂತು ಅವನ ಜೊತೆ ನಗೋದು ಬೇರೆ. ಬ್ಲ್ಯಾಕ್‌ಆ್ಯಡರ್ ಕೊನೆಯ ಕಂತು ಎರಡನೆಯದು. ನನ್ನ ಸ್ಕಿಟ್ಟಿನಲ್ಲಿ ಜೋಕು ತೆಗೆದಾಗ ನಾನು ಸತ್ತವರಿಗೆ ಮರ್ಯಾದೆ ಕೊಟ್ಟೆ ಅಂದುಕೊಂಡಿದ್ದೆ. ನಿಜವಾಗಿ ಅವರಿಗೆ ಬಾಯಿ ಇಲ್ಲದ ಹಾಗೆ ಮಾಡಿದ್ದೆ. ಎದೆಯುಬ್ಬಿಸಿ ಭಾಷಣ ಮಾಡೋ ಸೈನಿಕ ಯಾವ ಊರಿನವನೂ ಅಲ್ಲ. ಕಾಲುವೆ ನೋಡಿ ಕೆರೆ ನೆನೆಸಿಕೊಂಡವನು ಕುಣಿಗಲ್‌ನವನು.

ಭಾನುವಾರ ಅಪ್ಪ ತಾವಾಗಿಯೇ 'ಬಾ, ಕುಣಿಗಲ್‌ಗೆ ಹೋಗಿಬರೋಣ' ಅಂದರು. ಸ್ಟಡ್ ಫಾರಂ ಬೇಲಿ ಪಕ್ಕ ಕಾರು ನಿಲ್ಲಿಸಿದೆವು. ಟಿಪ್ಪು ಕಾಲದಲ್ಲಿ ಅಶ್ವದಳಕ್ಕೆ ಕುದುರೆ ಬೆಳೆಸಲು ಶುರುವಾಯಿತು ಅಂತ ಹೇಳೋ ಜಾಗ. 1799ರಲ್ಲಿ ಟಿಪ್ಪು ಬಿದ್ದ ಮೇಲೆ ಬ್ರಿಟಿಷರ ಕುದುರೆಗಳೂ ಇಲ್ಲೇ ಮೇಯ್ದವು, ಆಮೇಲೆ ಮೈಸೂರು ಸರ್ಕಾರದ್ದು, ಈಗಿನ ಕಾಲಕ್ಕೆ ರೇಸ್ ಕುದುರೆ. ಇತ್ತೀಚೆಗೆ ಅಲ್ಲಿ ಟೌನ್‌ಶಿಪ್ ಮಾಡೋ ಮಾತೂ ಬಂದು ಗದ್ದಲ ಆಯಿತು. ಯಾರ ವಿರುದ್ಧ ಓಡಲು ಸಾಕಿದ ಕುದುರೆಯೋ ಅದರ ವಂಶದ ಲಾಯ ಅವರ ಪಾಲಾಯಿತು. ಇದಕ್ಕಿಂತ ದೊಡ್ಡ ಜೋಕನ್ನು ಯಾವ ಸಿಟ್‌ಕಾಮ್ ಬರೆಯೋಕಾಗುತ್ತೆ ಅಂದೆ. ಅಪ್ಪ ನಕ್ಕರು. ಆಮೇಲೆ, 'ಇದನ್ನ ನಾನು ಮೂವತ್ತು ವರ್ಷ ಪಾಠ ಮಾಡಿದೆ. ಒಂದು ಹುಡುಗನೂ ನಗಲಿಲ್ಲ, ಒಂದು ಹುಡುಗನೂ ನೆನಪಿಟ್ಟುಕೊಳ್ಳಲಿಲ್ಲ' ಅಂದರು. ಬೇರೇನೂ ಹೇಳಲಿಲ್ಲ.

ಸಂಜೆ ಹಳೇ ಸ್ಕ್ರಿಪ್ಟ್ ತೆಗೆದು, ಅಳಿಸಿದ್ದನ್ನೆಲ್ಲ ಮತ್ತೆ ಬರೆದು ಅಜ್ಜಿಯ ಮುಂದೆ ಓದಿದೆ. ಅಜ್ಜಿ ಗುಬ್ಬಿ ತಾಲ್ಲೂಕಿನ ನಿಟ್ಟೂರಿನ ಕಡೆಯವಳು. ಚಿಕ್ಕವಳಿದ್ದಾಗ ಗಾಡಿ ಕಟ್ಟಿಕೊಂಡು ಹೋಗಿ ಸದಾರಮೆ ನೋಡಿದ್ದಾಳೆ. ಯಾವ ವರ್ಷ, ರಾಜಕುಮಾರ ಯಾರು, ಸದಾರಮೆ ಯಾರು, ಒಂದೂ ನೆನಪಿಲ್ಲ. ಕಳ್ಳ ಕಂಬದ ಮರೆಯಿಂದ ಇಣುಕಿದ್ದು ಮಾತ್ರ ಇವತ್ತಿಗೂ ಮಾಡಿ ತೋರಿಸ್ತಾಳೆ.

ನೀರುಗಂಟಿ ಜೋಕಿಗೆ ಅಜ್ಜಿ ಬೊಚ್ಚುಬಾಯಿ ಬಿಟ್ಟು ನಕ್ಕಳು. ಸಂಬಳದ ಮಾತಿಗೂ ನಕ್ಕಳು. ಬೆಟ್ಟ ಹತ್ತಿದ್ದು, ಊರು ಗೆದ್ದಿದ್ದು, ಎಲ್ಲ ಓದಿ ಮುಗಿಸಿ ಪುಸ್ತಕ ಮುಚ್ಚಿದೆ. ಅಜ್ಜಿ ಇನ್ನೂ ಕಾಯ್ತಾ ಇದ್ದಳು.

'ಕುದ್ರೆ ವಾಪಸ್ ಬಂತಾ?'

'ಅರವತ್ತು ಕುದುರೆ ಬರಲಿಲ್ಲ ಅಜ್ಜಿ.'

ಅಜ್ಜಿ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ನಕ್ಕು ಬಂದ ನೀರೋ, ಇದಕ್ಕೆ ಬಂದಿದ್ದೋ ಗೊತ್ತಾಗಲಿಲ್ಲ.

'ಹಂಗಾದ್ರೆ ಅದನ್ನೂ ಹೇಳು ಮಗಾ. ನಗ್ಸಿದ ಮ್ಯಾಲೆ ಹೇಳು. ಆಗ ಕೇಳಿಸ್ಕೋತಾರೆ.'